ಹೊಸ ಬಾತುಕೋಳಿ: ನೇರ ಬಿಡುವುದಾ, ಜಾಲರಿ ಆಚೆ ಇಡುವುದಾ?

ಯಾವ ದಾರಿ ಹಿಡಿದರೂ ಮೊದಲು ಹೊಸದನ್ನು 3-4 ವಾರ ಹಳೆಯ ಹಿಂಡಿನಿಂದ ದೂರ ಇಡಿ. ನೀರು, ಮೇವು ಬೇರೆಯೇ ಇರಲಿ. ಡಕ್ ಪ್ಲೇಗ್ ಎಂಬ ವೈರಸ್ ರೋಗ ಬಂದರೆ ಇಡೀ ಹಿಂಡೇ ಹೋಗಬಹುದು.

ನೇರ ಬಿಡುವುದಕ್ಕೆ ಖರ್ಚಿಲ್ಲ. ಹಿತ್ತಲು ದೊಡ್ಡದಿದ್ದು, ಬಂದದ್ದು ಬೆಳೆದ ಹೆಣ್ಣಾದರೆ ನಡೆಯುತ್ತದೆ. ಆದರೆ ಹಳೆಯವು ಹೊಸದನ್ನು ಕತ್ತು ಹಿಡಿದು ಎಳೆಯುವುದು, ಮೇವಿನಿಂದ ಓಡಿಸುವುದು ಜಾಸ್ತಿ.

ನನ್ನ ಒಲವು ಜಾಲರಿಗೇ. ಒಂದು ವಾರ ಒಂದನ್ನೊಂದು ನೋಡುತ್ತವೆ, ಕೂಗು ಕೇಳುತ್ತವೆ, ಕಚ್ಚಲು ಆಗುವುದಿಲ್ಲ. ಆಮೇಲೆ ನೀವು ಎದುರಿಗಿದ್ದು ಸ್ವಲ್ಪ ಹೊತ್ತು ಒಟ್ಟಿಗೆ ಬಿಡಿ. ಮೇವಿನ ಬಟ್ಟಲು ಎರಡು ಕಡೆ ಇಡಿ. ಮರಿಯಾದರೆ ಬೇರೆ ದಾರಿಯೇ ಇಲ್ಲ, ಅದು ಬೆಳೆಯುವ ತನಕ ಜಾಲರಿ ಬೇಕು. ಗಂಡು ಬಾತು ಮೇಲೇರಿದರೆ ಪುಟ್ಟ ಮರಿ ಉಳಿಯುವುದು ಕಷ್ಟ. ನೀರಿನಲ್ಲಂತೂ ಮುಳುಗಿಯೇ ಸಾಯಬಹುದು.

ಒಂದು ಗಂಡಿಗೆ ನಾಲ್ಕೈದು ಹೆಣ್ಣಿಲ್ಲದ ಹಿಂಡಿಗೆ ಇನ್ನೊಂದು ಗಂಡು ಬೇಡ.