ಎಣ್ಣೆಗಾಗಿ ತುಳಸಿ ಬೆಳೆಯುವವರೇ, ಸಸಿ ಕೊಳ್ಳುವ ಮೊದಲು ಎಣ್ಣೆಯ ರಿಪೋರ್ಟ್ ಕೇಳಿ

ಮುಧೋಳ, ಬೀಳಗಿ, ಜಮಖಂಡಿ ಕಡೆಯ ರೈತರು ದಯವಿಟ್ಟು ಇದನ್ನು ಪೂರ್ತಿ ಓದಿ. ತುಳಸಿ ಬೆಳೆಯಿರಿ, ಸಸಿ ನಾವೇ ಕೊಡ್ತೇವೆ, ಎಣ್ಣೆ ಕೊಳ್ಳುವ ಕಂಪನಿಯನ್ನೂ ನಾವೇ ತೋರಿಸ್ತೇವೆ ಅಂತ ಊರೂರು ತಿರುಗುವವರಿದ್ದಾರೆ. ಹಾಗೆ ಬಂದ ಒಬ್ಬ ಏಜೆಂಟ್ ನಮಗೆ ಎರಡು ಎಕರೆಗಾಗುವಷ್ಟು ಸಸಿ ಕೊಟ್ಟು ಮೋಸ ಮಾಡಿದ. ಕಬ್ಬಿನ ಬಿಲ್ಲಿಗೆ ಕಾದು ಸಾಕಾಗಿದ್ದವರಿಗೆ ಕಡಿಮೆ ನೀರು, ಮೂರ್ನಾಲ್ಕು ತಿಂಗಳಿಗೆ ಕಟಾವು ಅಂದರೆ ಯಾರಿಗೆ ಬೇಡ ಹೇಳಿ.

ಬೆಳೆ ಚೆನ್ನಾಗಿಯೇ ಬಂತು. ಹೂ ತುಂಬಿದಾಗ ಕೊಯ್ದು, ನೆರಳಲ್ಲಿ ಸ್ವಲ್ಪ ಬಾಡಿಸಿ, ಬಾಡಿಗೆ ಭಟ್ಟಿಯಲ್ಲಿ ಹಬೆ ಹಾಯಿಸಿ ಎಣ್ಣೆ ತೆಗೆಸಿದೆವು. ಒಂದು ಟನ್ ಹಸಿ ಸೊಪ್ಪು ಹಾಕಿದರೂ ಬರುವುದು ಕೆಲವೇ ಕೆಜಿ ಎಣ್ಣೆ. ಕಂಪನಿಯವರು ಸ್ಯಾಂಪಲ್ ಒಯ್ದರು, ಪರೀಕ್ಷೆ ಮಾಡಿಸಿದರು, ಮಾಲು ಬೇಡ ಅಂದರು. ಅವರಿಗೆ ಬೇಕಾಗಿದ್ದು ಯೂಜಿನಾಲ್. ಲವಂಗದ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದೂ ಅದೇ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದರೆ ಮೂಗಿಗೆ ಬಡಿಯುವ ವಾಸನೆಯೂ ಅದೇ. ಎಣ್ಣೆಯಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಗೆರೆಗಳಾಗಿ ತೋರಿಸುವ ಪರೀಕ್ಷೆಗೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ಅಂತಾರೆ. ನಮ್ಮ ಎಣ್ಣೆಯ ಆ ರಿಪೋರ್ಟಿನಲ್ಲಿ ಯೂಜಿನಾಲ್‌ನ ಗೆರೆ ಸಣ್ಣದಾಗಿ ಎದ್ದಿತ್ತು. ಹಾಳೆಯ ತುದಿ ಮುಟ್ಟಿದ್ದ ಗೆರೆಯ ಮೇಲೆ ಮಿಥೈಲ್ ಚಾವಿಕಾಲ್ ಅಂತ ಬರೆದಿತ್ತು. ಅದು ಬಡೇಸೋಪಿನ ಹಾಗೆ ಸಿಹಿಯಾಗಿ ನಾರುವ ಬೇರೆಯೇ ವಸ್ತು.

ಏಜೆಂಟನಿಗೆ ಫೋನ್ ಮಾಡಿದರೆ, "ಗೌಡ್ರ, ತುಳಸಿ ಅಂದ್ರ ತುಳಸಿ ರೀ, ಅದರಾಗ ಮತ್ತೇನೈತಿ? ನಿಮ್ಮ ಎರಿ ಮಣ್ಣಿಂದ ಹಿಂಗಾಗೇತಿ" ಅಂದ. ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಮಣ್ಣು, ಬಿಸಿಲು, ನೀರು, ಕೊಯ್ಯುವ ಹೊತ್ತು, ಇವೆಲ್ಲ ಎಣ್ಣೆ ಎಷ್ಟು ಬರುತ್ತದೆ ಅನ್ನುವುದನ್ನು ಬದಲಿಸುತ್ತವೆ, ಅದರೊಳಗಿನ ಪ್ರಮಾಣವನ್ನೂ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತವೆ, ಆದರೆ ಯೂಜಿನಾಲ್ ಗಿಡವನ್ನು ಮಿಥೈಲ್ ಚಾವಿಕಾಲ್ ಗಿಡ ಮಾಡುವುದಿಲ್ಲ. ಎಲೆಯ ಮೇಲಿರುವ ಸಣ್ಣ ಸಣ್ಣ ಗ್ರಂಥಿಗಳಲ್ಲಿ ಎಣ್ಣೆ ತಯಾರಾಗುತ್ತದೆ. ಅಲ್ಲಿ ಯಾವ ಕಿಣ್ವ (ಎಂಜೈಮ್) ಕೆಲಸ ಮಾಡುತ್ತದೋ ಅದರ ಮೇಲೆ ಯಾವ ವಸ್ತು ಅನ್ನುವುದು ನಿಂತಿದೆ, ಆ ಕಿಣ್ವ ಗಿಡದ ಹುಟ್ಟುಗುಣ.

ಇದನ್ನು ನಮ್ಮ ಹೊಲದಲ್ಲೇ ನೋಡಿದೆವು. ಒಂದೇ ಸಾಲು, ಒಂದೇ ಡ್ರಿಪ್ ಪೈಪು. ಒಂದು ಗಿಡದ ಎಲೆ ಉಜ್ಜಿದರೆ ಲವಂಗದ ಖಾರ ಬೆರಳಿಗೆ ಹತ್ತುತ್ತದೆ, ಕಾಂಡದ ಮೇಲೆ ನವಿರಾದ ಕೂದಲಿದೆ. ಅದಕ್ಕೆ ತಾಗಿಕೊಂಡೇ ನಿಂತ ಗಿಡದ ಎಲೆ ನುಣುಪು, ಹೊಳಪು, ಉಜ್ಜಿದರೆ ಬಡೇಸೋಪು. ತೋಟಗಾರಿಕೆ ಓದುವ ನಮ್ಮ ಸೋದರಳಿಯ ಎರಡರ ಸೊಪ್ಪನ್ನೂ ಬೇರೆ ಬೇರೆ ಒಯ್ದು ಕಾಲೇಜಿನ ಕ್ಲೆವೆಂಜರ್ ಗಾಜಿನ ಉಪಕರಣದಲ್ಲಿ ಕುದಿಸಿ ಎಣ್ಣೆ ತೆಗೆದ. ಎರಡು ಸೀಸೆ, ಎರಡು ವಾಸನೆ. ಮಣ್ಣಿನ ತಪ್ಪಾಗಿದ್ದರೆ ಎರಡೂ ಒಂದೇ ಥರ ಇರಬೇಕಿತ್ತು ಅಲ್ವಾ? ತುಳಸಿ ಅಂತ ಕೊಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ತುಳಸಿಯ ಸಂಬಂಧಿಯಾದ ಕಾಮಕಸ್ತೂರಿ ಇತ್ತು.

ಕಾಮಕಸ್ತೂರಿ ಕೆಟ್ಟ ಗಿಡ ಅಂತ ನಾನು ಹೇಳುತ್ತಿಲ್ಲ. ಮಿಥೈಲ್ ಚಾವಿಕಾಲ್ ಎಣ್ಣೆಗೂ ಸುಗಂಧದ ಕಡೆ ಗಿರಾಕಿ ಇದೆ. ಔಷಧಿ ಮತ್ತು ಸುಗಂಧ ಸಸ್ಯಗಳ ಸಂಶೋಧನೆ ಮಾಡುವ ಲಖನೌದ ಸಿಮ್ಯಾಪ್ ಸಂಸ್ಥೆ ಎಣ್ಣೆಗಾಗಿಯೇ ಬಿಡುಗಡೆ ಮಾಡಿದ ತಳಿಗಳಲ್ಲಿ ಸಿಮ್-ಆಯು ಯೂಜಿನಾಲ್ ಜಾಸ್ತಿ ಇರುವ ತುಳಸಿ, ಸಿಮ್-ಸೌಮ್ಯ ಮಿಥೈಲ್ ಚಾವಿಕಾಲ್ ಮತ್ತು ಲಿನಲೂಲ್ ಅನ್ನುವ ಇನ್ನೊಂದು ಸುಗಂಧ ವಸ್ತು ಇರುವ ಕಾಮಕಸ್ತೂರಿ. ಎರಡೂ ಒಳ್ಳೆಯವೇ, ಕೊಳ್ಳುವವರು ಮಾತ್ರ ಬೇರೆ. ಕಾಮಕಸ್ತೂರಿಯ ಒಳಗೇ ಲಿನಲೂಲ್ ಹೆಚ್ಚಿರುವುದು, ಮಿಥೈಲ್ ಸಿನಮೇಟ್ ಹೆಚ್ಚಿರುವುದು ಅಂತ ಬಗೆಗಳಿವೆ. ಕರ್ಪೂರ ತುಳಸಿ ಅನ್ನುವ ಆಫ್ರಿಕಾದ ಪೊದೆಯ ಎಣ್ಣೆಯಲ್ಲಿ ಕರ್ಪೂರವೇ ಮುಖ್ಯ. ಕಟ್ಟೆಯ ಮೇಲೆ ಪೂಜೆ ಮಾಡುವ ನಮ್ಮ ತುಳಸಿಯಲ್ಲೂ ಯೂಜಿನಾಲ್ ಬಗೆ ಬೇರೆ, ಮಿಥೈಲ್ ಯೂಜಿನಾಲ್ (ಹೆಸರು ಹತ್ತಿರ, ವಸ್ತು ಬೇರೆ) ಬಗೆ ಬೇರೆ. ಇವೆರಡನ್ನು ಬರೀ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಜೊತೆಗೆ ಜೇನ್ನೊಣ ಪರಾಗ ಬೆರೆಸುತ್ತವೆ, ಅಕ್ಕಪಕ್ಕ ಬೇರೆ ಬಗೆ ಇದ್ದರೆ ಬೀಜದಿಂದ ಬಂದ ಗಿಡ ತಾಯಿಯ ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ತಳಿಯ ಹೆಸರು, ಸಸಿ ಬೀಜದ್ದೋ ಕಡ್ಡಿಯದ್ದೋ, ತಾಯಿಗಿಡದ ಎಣ್ಣೆಯ ರಿಪೋರ್ಟು, ಇವಿಲ್ಲದೆ ಮುಂಗಡ ಕೊಡಬೇಡಿ. ಕರಾರು ಪತ್ರದಲ್ಲಿ ಸುಮ್ನೆ 'ತುಳಸಿ ಎಣ್ಣೆ' ಅಂತ ಬರೆಸಿಕೊಳ್ಳಬೇಡಿ. ಯಾವ ವಸ್ತು, ಕನಿಷ್ಠ ಎಷ್ಟು ಶೇಕಡಾ, ಯಾವ ಲ್ಯಾಬಿನ ರಿಪೋರ್ಟ್ ಇಬ್ಬರೂ ಒಪ್ಪಬೇಕು ಅನ್ನುವುದು ಅದರಲ್ಲಿ ಇರಲಿ. ಏಜೆಂಟನ ಮಾತು ಬಿಟ್ಟು ಕೊಳ್ಳುವ ಕಂಪನಿಯನ್ನೇ ನೇರವಾಗಿ ಕೇಳಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಗೋಕಾಕ ಸಮೀಪದ ಅರಭಾವಿ ತೋಟಗಾರಿಕೆ ಕಾಲೇಜು ನಮ್ಮ ಪಕ್ಕದಲ್ಲೇ ಇವೆ, ಎಲೆ ಹಿಡಿದುಕೊಂಡು ಹೋಗಿ ವಿಚಾರಿಸಿ. ಯೂಜಿನಾಲ್ ಮಟ್ಟಿಗೆ ಒಂದು ಹಳೆಯ ಲ್ಯಾಬ್ ಪರೀಕ್ಷೆಯೂ ಇದೆ. ಉದ್ದ ಕುತ್ತಿಗೆಯ ಫ್ಲಾಸ್ಕಿನಲ್ಲಿ ಎಣ್ಣೆಯನ್ನು ಕಾಸ್ಟಿಕ್ ಪೊಟ್ಯಾಷ್ ನೀರಿನ ಜೊತೆ ಕುಲುಕಿದರೆ ಯೂಜಿನಾಲ್ ನೀರಿಗೆ ಇಳಿಯುತ್ತದೆ, ಉಳಿದದ್ದು ಮೇಲೆ ತೇಲುತ್ತದೆ, ಕುತ್ತಿಗೆಯ ಮೇಲಿನ ಗೆರೆ ನೋಡಿ ಲೆಕ್ಕ ಹಾಕಬಹುದು. ಮಿಥೈಲ್ ಚಾವಿಕಾಲ್ ಹಾಗೆ ಇಳಿಯುವುದಿಲ್ಲ. ಕಾಸ್ಟಿಕ್ ಕೈ ಸುಡುತ್ತದೆ, ಮನೆಯಲ್ಲಿ ಮಾಡಬೇಡಿ.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿತು. ಕಂಪನಿ ಬೇಡ ಅಂದ ಮೇಲೆ ಆ ಏಜೆಂಟ್, ಸಣ್ಣ ಸೀಸೆಗೆ ತುಂಬಿ 'ತುಳಸಿ ಹನಿ' ಅಂತ ಜಾತ್ರೆಯಲ್ಲಿ ಮಾರಿಬಿಡಿ ಅಂದ. ಜನ ಅದನ್ನು ಚಹಾಕ್ಕೆ ಹಾಕುತ್ತಾರೆ, ಕೆಮ್ಮು ಬಂದ ಮಗುವಿಗೆ ಕೊಡುತ್ತಾರೆ. ಮಿಥೈಲ್ ಚಾವಿಕಾಲ್ ಮತ್ತು ಮಿಥೈಲ್ ಯೂಜಿನಾಲ್ ಎರಡನ್ನೂ ಬಿಡಿ ವಸ್ತುವಾಗಿ ನೇರವಾಗಿ ಆಹಾರಕ್ಕೆ ಬೆರೆಸುವುದನ್ನು ಯುರೋಪಿನ ಒಕ್ಕೂಟ 2008ರ ನಿಯಮದಲ್ಲೇ ನಿಷೇಧಿಸಿದೆ. ಮಿಥೈಲ್ ಯೂಜಿನಾಲನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಒಳಗೆ ಏನಿದೆ ಅಂತ ಬರೆಯದ ಸೀಸೆಯನ್ನು ಮಗುವಿನ ಬಾಯಿಗೆ ಹಾಕಬೇಡಿ. ನಮ್ಮ ಕ್ಯಾನುಗಳು ಮನೆಯಲ್ಲೇ ಇವೆ, ಸುಗಂಧದ ಕಡೆಯವರು ರಿಪೋರ್ಟ್ ನೋಡಿ ಕೇಳಿದ ರೇಟಿಗೆ ಕೊಡುತ್ತೇವೆ.

ಈಗ ನಮ್ಮ ಕಡೆ ರೋಸ್‌ಮರಿ ಸಸಿ ಮಾರುವವರು ಬಂದಿದ್ದಾರೆ. ಅದರ ಎಣ್ಣೆಯಲ್ಲೂ ಸಿನಿಯೋಲ್ ಹೆಚ್ಚಿರುವ ಬಗೆ, ಕರ್ಪೂರ ಹೆಚ್ಚಿರುವ ಬಗೆ, ವರ್ಬಿನೋನ್ ಹೆಚ್ಚಿರುವ ಬಗೆ ಬೇರೆ ಬೇರೆ. ನಿಮ್ಮ ಹೊಲಕ್ಕೆ ಬಂದವರನ್ನು ಇದು ಯಾವ ಬಗೆ ಅಂತ ಕೇಳಿ, ಉತ್ತರವನ್ನು ಕಾಗದದ ಮೇಲೆ ಸಹಿ ಹಾಕಿಸಿ ತೆಗೆದುಕೊಳ್ಳಿ.