ಲಂಡನ್ ಅಡ್ರೆಸ್, ಲಂಡನ್ ನಂಬರ್ ಅಂತ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಬಳ್ಳಾರಿಯ ಜೀನ್ಸ್ ಯೂನಿಟ್‌ನವರಿಗೆ, ವಾಷಿಂಗ್‌ನವರಿಗೆ, ಜಾಬ್‌ವರ್ಕ್ ಮಾಡೋರಿಗೆ, ಹಂಗೇ ಸಿರುಗುಪ್ಪ, ಗಂಗಾವತಿ ಕಡೆಯ ಅಕ್ಕಿ ಮಿಲ್ಲಿನವರಿಗೂ ಹೇಳ್ತಿದ್ದೀನಿ. "ಯುಕೆ ಕಂಪನಿ, ಲಂಡನ್ ಅಡ್ರೆಸ್, ಲಂಡನ್ ಫೋನ್ ನಂಬರ್, ಎಲ್ಲಾ ಸೇರಿ ಒಂದೇ ಪ್ಯಾಕೇಜ್" ಅಂತ ನಿಮ್ಮ ವಾಟ್ಸಾಪಿಗೆ ಮೆಸೇಜ್ ಬಂದಿದ್ರೆ ದಯವಿಟ್ಟು ದುಡ್ಡು ಹಾಕಬೇಡಿ. ನಾನು ಹಾಕಿದೆ. 38,500 ರೂಪಾಯಿ ಒಂದೇ ಏಟಿಗೆ, ಆಮೇಲೆ ಅದಕ್ಕಿಷ್ಟು ಇದಕ್ಕಿಷ್ಟು ಅಂತ ಬಿಡಿಬಿಡಿಯಾಗಿ. ಆ ಮನುಷ್ಯನ ಹೆಸರು, ಅವನ ಕಂಪನಿ ಹೆಸರು ಹಾಕೋದು ಬೇಡ ಅಂತ ವಕೀಲರು ಹೇಳಿದ್ದಾರೆ, ಅದಕ್ಕೆ ಹಾಕಿಲ್ಲ. ಹೆಂಗೆ ಆಯ್ತು ಅನ್ನೋದನ್ನ ಮಾತ್ರ ಪೂರ್ತಿ ಹೇಳ್ತೀನಿ. ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

2025ರ ಜುಲೈ 24ಕ್ಕೆ ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತಲ್ಲ, ಆವಾಗಿನ ನಮ್ಮ ಬಳ್ಳಾರಿ ಕೌಲ್ ಬಜಾರ್ ನೆನಪಿದೆಯಾ? ಚಹಾ ಅಂಗಡಿಯಲ್ಲಿ ಅದೇ ಮಾತು. ನಮ್ಮ ಪ್ಯಾಂಟಿಗೆ ಅಲ್ಲಿ ಸುಂಕ ಇದೆ, ಬಾಂಗ್ಲಾದೇಶದವರಿಗೆ ಸೊನ್ನೆ. ಇನ್ನು ಮೇಲೆ ನಮಗೂ ಸೊನ್ನೆ ಆಗುತ್ತೆ ಅಂತ ಎಲ್ಲರಿಗೂ ಹುರುಪು. ಸರಿಯಾಗಿ ಅದೇ ಟೈಮಿಗೆ ಈ ಹುಡುಗ ಫೋನ್ ಮಾಡಿದ. ಆಫೀಸು ಬೆಂಗಳೂರು ಅಂದ. "ಆದ್ರ ನಾನೂ ಸಿರುಗುಪ್ಪದ ಕಡೆಯವನೇ ಅಣ್ಣ" ಅಂದ. ಮಾತು ನಮ್ಮ ಕಡೆದೇ, ಅದ್ರಲ್ಲಿ ಡೌಟಿಲ್ಲ.

"ಬಳ್ಳಾರಿ ನಂಬರಿಂದ ಫೋನ್ ಮಾಡಿದ್ರ ಯಾವ ಫಾರಿನ್ ಪಾರ್ಟಿ ಎತ್ತತಾನ ಹೇಳು ಅಣ್ಣ? ಲಂಡನ್ ನಂಬರಿಂದ ಮಾಡು, ಎರಡೇ ರಿಂಗಿಗೆ ಎತ್ತತಾನ. ಕಾರ್ಡಿನ ಮ್ಯಾಲೆ ಲಂಡನ್ ಅಡ್ರೆಸ್ ಇದ್ರ ರೇಟಿನ ಬಗ್ಗೆ ಮಾತೇ ಆಡಂಗಿಲ್ಲ."

ಬ್ರಿಟನ್ನಿನ ಲೆಸ್ಟರ್ ಊರಿನ ಒಬ್ಬ ಗುಜರಾತಿ ಬೈಯರ್ ಜೊತೆ ನಂದು ಆಗಲೇ ಸ್ಯಾಂಪಲ್ ಮಾತುಕತೆ ನಡೀತಿತ್ತು. ಇವನು ಹೇಳಿದ್ದು ಸರಿ ಅನ್ನಿಸ್ತು. ದುಡ್ಡು ಹಾಕಿ, ಪಾಸ್‌ಪೋರ್ಟ್ ಸ್ಕ್ಯಾನ್ ಕಳಿಸಿದೆ.

ಒಂದು ಮಾತು ಚೆನ್ನಾಗಿ ತಿಳ್ಕೊಳ್ಳಿ. ಇವರು ಕಂಪನಿಯನ್ನ ನಿಜವಾಗಿಯೇ ಮಾಡಿ ಕೊಡ್ತಾರೆ. ಅಲ್ಲೇ ಇರೋದು ಮಜಾ. ಬ್ರಿಟನ್ನಿನಲ್ಲಿ ಕಂಪನಿ ರಿಜಿಸ್ಟರ್ ಮಾಡೋ ಸರ್ಕಾರಿ ಕಚೇರಿ ಕಂಪನೀಸ್ ಹೌಸ್, ಅದು ಕೊಡೋ ಸರ್ಟಿಫಿಕೇಟ್ ಅಸಲಿ. ಅವರ ವೆಬ್‌ಸೈಟಲ್ಲಿ ಹುಡುಕಿದ್ರೆ ನಿಮ್ಮ ಕಂಪನಿ ಸಿಗುತ್ತೆ, ಡೈರೆಕ್ಟರ್ ಅಂತ ನಿಮ್ಮ ಹೆಸರು ಇರುತ್ತೆ. ನಾನು ಪ್ರಿಂಟ್ ತೆಗೆಸಿ, ಫ್ರೇಮ್ ಹಾಕಿಸಿ, ಯೂನಿಟ್ಟಿನಲ್ಲಿ ಲಕ್ಷ್ಮಿ ಫೋಟೋ ಪಕ್ಕದಲ್ಲೇ ನೇತು ಹಾಕಿದ್ದೆ. ಬಂದವರೆಲ್ಲ ಅದರ ಫೋಟೋ ತಗೊಂಡು ಹೋದ್ರು. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಆ ರಿಜಿಸ್ಟ್ರೇಷನ್ನಿಗೆ ಆಗ ಇದ್ದ ಸರ್ಕಾರಿ ಫೀಸು 50 ಪೌಂಡ್. ನಮ್ಮ ದುಡ್ಡಲ್ಲಿ ಆರು ಸಾವಿರದ ಆಸುಪಾಸು. 2024ರ ಮೇ ತಿಂಗಳಿಗೆ ಮುಂಚೆ ಅದು ಬರೀ 12 ಪೌಂಡ್ ಇತ್ತಂತೆ. ಉಳಿದ ದುಡ್ಡು ಎಲ್ಲಾ ಅಡ್ರೆಸ್ಸಿಗೆ ಮತ್ತು ನಂಬರಿಗೆ ಅಂತ ಲೆಕ್ಕ. ಆ ಅಡ್ರೆಸ್ಸು, ಆ ನಂಬರು ಏನಾಗಿತ್ತು ಅನ್ನೋದೇ ಕಥೆ.

ಮೊದಲು ನಂಬರ್. ಪ್ಲಸ್ 44, ಆಮೇಲೆ 20. ಅದು ಲಂಡನ್ ಊರಿನ ಕೋಡೇ, ನೋಡೋಕೆ ಏನೂ ತಪ್ಪಿಲ್ಲ. ಫೋನ್ ಬಂದ್ರೆ ನನ್ನ ಬಳ್ಳಾರಿ ಮೊಬೈಲಿಗೆ ಫಾರ್ವರ್ಡ್ ಆಗುತ್ತೆ ಅಂತ ಹೇಳಿದ್ದ. ವಾಟ್ಸಾಪ್ ಬಿಸಿನೆಸ್ ಕೂಡ ಅದೇ ನಂಬರಲ್ಲಿ. ಓಟಿಪಿ ಅವರಿಗೆ ಬಂತು, ಹೇಳಿದ್ರು, ನಾನು ಹಾಕ್ಕೊಂಡೆ. "ಸೇಫ್ಟಿಗೆ ಒಂದು ಪಿನ್ ಇಟ್ಟಿದೀನಿ ಅಣ್ಣ, ನನ್ನ ಹತ್ರ ಇರ್ಲಿ" ಅಂದ. ನಾನು ವಿಸಿಟಿಂಗ್ ಕಾರ್ಡ್ ಹೊಡೆಸಿದೆ. ಕಾರ್ಡ್ ಹೋಗ್ಲಿ, ಹ್ಯಾಂಗ್ ಟ್ಯಾಗಿನ ಮೇಲೂ ಆ ನಂಬರ್, ಪ್ಯಾಂಟಿನ ಸೊಂಟದ ಹಿಂದಿನ ಪ್ಯಾಚ್ ಮೇಲೆ ಕಂಪನಿ ಹೆಸರಿನ ಕೆಳಗೆ ಲಂಡನ್ ಅಂತ ಎಂಬಾಸ್. ಅದನ್ನ ಒತ್ತೋ ಅಚ್ಚು ಮಾಡಿಸಿದ ಖರ್ಚೇ ಬೇರೆ.

ಒಂದಿನ ಲೆಸ್ಟರಿನ ಬೈಯರ್ ನನ್ನ ಹಳೇ ನಂಬರಿಗೆ ಮೆಸೇಜ್ ಹಾಕಿದ. ನಿಮ್ಮ ಲಂಡನ್ ಆಫೀಸಿಗೆ ಫೋನ್ ಮಾಡಿದ್ದೆ, ಅಂಥ ಕಂಪನಿನೇ ಇಲ್ಲ ಅಂದ್ರಲ್ಲ ಅಂತ. ನನಗೆ ಅರ್ಥ ಆಗ್ಲಿಲ್ಲ. ಮಧ್ಯಾಹ್ನ ಊಟದ ಹೊತ್ತು, ಮಶೀನುಗಳೆಲ್ಲ ನಿಂತಿದ್ವು. ಐಎಸ್‌ಡಿ ಹಾಕಿ ನನ್ನ ನಂಬರಿಗೆ ನಾನೇ ಫೋನ್ ಮಾಡಿದೆ. ಸ್ಪೀಕರ್ ಆನ್ ಇತ್ತು, ಪಕ್ಕದಲ್ಲಿ ಕಟಿಂಗ್ ಮಾಸ್ಟರ್ ಡಬ್ಬಿ ಬಿಚ್ಕೊಂಡು ಕೂತಿದ್ದ.

ಎರಡೇ ರಿಂಗಿಗೆ ಎತ್ತಿದ್ರು. ಅದೊಂದು ಮಾತು ಮಾತ್ರ ಅವನು ನಿಜ ಹೇಳಿದ್ದ.

"ಗುಡ್ ಆಫ್ಟರ್‌ನೂನ್" ಅಂತ ಒಂದು ಹೆಣ್ಣುದನಿ ಯಾವುದೋ ಗ್ರಾನೈಟ್ ಕಂಪನಿ ಹೆಸರು ಹೇಳ್ತು. ಗ್ರಾನೈಟ್! ನಾನು ಮಾತೇ ಆಡ್ಲಿಲ್ಲ. ಆಕೆ ಸ್ವಲ್ಪ ತಡೆದು, "ಹಲೋ? ಕೌನ್ ಸೀ ಕಂಪನಿ ಕೆ ಲಿಯೇ ಕಾಲ್ ಕಿಯಾ ಸರ್?" ಅಂದ್ಲು. ಯಾವ ಕಂಪನಿಗೆ ಫೋನ್ ಮಾಡಿದ್ದೀರಿ ಅಂತ. ಅಂದ್ರೆ ಒಂದೇ ನಂಬರ್, ಎಷ್ಟು ಕಂಪನಿಗಳಿಗೆ ಮಾರಿದ್ದಾರೋ ಶಿವನೇ ಬಲ್ಲ. ಆಕೆಯ ಹಿಂದೆ ಕುಕ್ಕರ್ ಸೀಟಿ ಹೊಡೀತು. ನಮ್ಮ ಮಾಸ್ಟರ್ ತುತ್ತು ಕೈಯಲ್ಲಿ ಹಿಡ್ಕೊಂಡೇ, "ಲಂಡನ್‌ನಾಗೂ ಕುಕ್ಕರ್ ಕೂಗ್ತೈತೇನಣ್ಣ?" ಅಂದ. ಯೂನಿಟ್ಟಲ್ಲಿ ಇದ್ದವರೆಲ್ಲ ನಕ್ರು. ನನಗೆ ಕೂತಲ್ಲೇ ಬೆವರು ಬಂತು.

ಹುಡುಗನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನ ಹಂಗಂಗೇ ಬರೀತೀನಿ, ಎಲ್ಲಾ ವಾಟ್ಸಾಪಲ್ಲಿದೆ.

"ಅಣ್ಣ ಅದು ಶೇರ್ಡ್ ರಿಸೆಪ್ಷನ್, ಲಂಡನ್‌ನಾಗ ಎಲ್ಲಾರೂ ಹಂಗೇ ಇಟ್ಕೊಳ್ಳೋದು."

ಮತ್ತೆ ನನ್ನ ಕಂಪನಿ ಹೆಸರು ಆಕೆಗೆ ಯಾಕೆ ಗೊತ್ತಿಲ್ಲಪ್ಪಾ ಅಂದೆ.

"ಹೊಸ ಹುಡುಗಿ ಅಣ್ಣ."

ಫಾರ್ವರ್ಡ್ ಮಾಡ್ತೀನಿ ಅಂದಿದ್ದೆಯಲ್ಲ, ಅದೇನಾಯ್ತು?

"ಅದು ಪ್ರೀಮಿಯಂ ಪ್ಲಾನ್ ಸಾರ್. ನಿಮ್ದು ಬೇಸಿಕ್."

ಅಣ್ಣ ಇದ್ದೋನು ಅಲ್ಲಿಂದ ಸಾರ್ ಆದೆ. ನಂಬರು ನನ್ನ ಹೆಸರಿಗೇ ಬರೆದು ಕೊಡು, ಬಾಡಿಗೆ ನಾನೇ ಕಟ್ಕೊಳ್ತೀನಿ ಅಂದ್ರೆ, "ಬ್ಯಾಕೆಂಡ್ ಟೀಮಿಗೆ ಹಾಕಿದೀನಿ ಸಾರ್, ವೇಟ್ ಮಾಡಿ." ಆ ಬ್ಯಾಕೆಂಡ್ ಟೀಮು ಇವತ್ತಿಗೂ ನನಗೆ ಉತ್ತರ ಕೊಟ್ಟಿಲ್ಲ. ಸ್ವಲ್ಪ ದಿನ ಬಿಟ್ಟು ಆ ನಂಬರಿನ ವಾಟ್ಸಾಪ್ ನನ್ನ ಫೋನಲ್ಲಿ ತಾನಾಗಿಯೇ ಲಾಗೌಟ್ ಆಯ್ತು. ಪಿನ್ ಅವನ ಹತ್ರ, ನಂಬರ್ ಅವನ ಹತ್ರ. ನನ್ನ ಬೈಯರ್‌ಗಳ ಮೆಸೇಜುಗಳು ಇನ್ನು ಮೇಲೆ ಯಾರಿಗೆ ಹೋಗ್ತವೆ?

ಇನ್ನು ಅಡ್ರೆಸ್ ಕಥೆ. ಬೈಯರ್ ಒಳ್ಳೇ ಮನುಷ್ಯ, ಫೋನಿನ ವಿಷಯ ಅಲ್ಲಿಗೇ ಬಿಟ್ಟ. ಸ್ಯಾಂಪಲ್ಲಿನಲ್ಲಿ ವಾಷ್ ಶೇಡ್ ಸರಿ ಇಲ್ಲ ಅಂತ ಎರಡು ಪೀಸು ವಾಪಸ್ ಕಳಿಸಿದ, ಪಾಪ ಅವನು ಲಂಡನ್ ಅಡ್ರೆಸ್ಸಿಗೇ ಕೊರಿಯರ್ ಮಾಡಿದ. ಅದು ಅವನಿಗೇ ವಾಪಸ್ ಹೋಯ್ತು. ಲಂಡನ್ನಿನಲ್ಲಿರೋ ಅವನ ಕಡೆಯವರು ಯಾರೋ ಹೋಗಿ ನೋಡಿದ್ರೆ ಅದು ಒಂದು ಫ್ರೈಡ್ ಚಿಕನ್ ಅಂಗಡಿ. ಅಂಗಡಿಯವನು ಬಾಗಿಲಲ್ಲೇ ನಿಂತು ಬೈದನಂತೆ: ನನಗೂ ಆ ಕಂಪನಿಗಳಿಗೂ ಏನೂ ಸಂಬಂಧ ಇಲ್ಲ, ದಿನಾ ಯಾರ್‍ಯಾರದೋ ಹೆಸರಿಗೆ ಸರ್ಕಾರಿ ಪತ್ರ ಬಂದು ಬಂದು ಸಾಕಾಗಿದೆ ಅಂತ. ಅಂದ್ರೆ ಆ ಅಂಗಡಿಯವನಿಗೆ ಹೇಳದೇ ಕೇಳದೇ ಅವನ ಅಡ್ರೆಸ್ಸನ್ನ ಇವರು ನಮಗೆ ಮಾರಿದ್ದಾರೆ. ಕಂಪನೀಸ್ ಹೌಸ್ ಸೈಟಲ್ಲಿ ಅಡ್ರೆಸ್ ಹಾಕಿ ಹುಡುಕೋದಕ್ಕೂ ದಾರಿ ಇದೆ, ಬಿಟ್ಟಿ. ಆ ರಾತ್ರಿ ಹುಡುಕಿದೆ. ಪುಟ ತಿರುಗಿಸಿದಷ್ಟೂ ಕಂಪನಿಗಳು. ಡೈರೆಕ್ಟರ್‌ಗಳ ಹೆಸರು ನೋಡಿದ್ರೆ ಎಲ್ಲಾ ನಮ್ಮ ದೇಶದವರೇ. ಆ ಗ್ರಾನೈಟಿನವನೂ ಅಲ್ಲೇ ಇದ್ದ!

ದುಡ್ಡು ಹಾಕೋಕೆ ಮುಂಚೆ ಹತ್ತು ನಿಮಿಷ ಅದೊಂದು ಹುಡುಕಾಟ ಮಾಡಿದ್ರೆ ಸಾಕು, ಯಾರಿಗೇ ಆದ್ರೂ ಗೊತ್ತಾಗುತ್ತೆ. ಇದನ್ನ ನೀವು ಮಾಡಿ.

ಆಮೇಲೆ ಆ ಅಂಗಡಿಯವನು ಸುಮ್ನಿರ್ತಾನಾ? ಅಲ್ಲಿ ಆರ್‌ಪಿ07 ಅಂತ ಒಂದು ಫಾರಂ ಇದೆ. ನನ್ನ ಅಡ್ರೆಸ್ಸನ್ನ ಈ ಕಂಪನಿ ಕೇಳದೇ ಬಳಸ್ತಿದೆ ಅಂತ ಯಾರು ಬೇಕಾದ್ರೂ ಕೊಡಬಹುದು. ಅವನು ಕೊಟ್ಟಿದ್ದಾನೆ ಅಂತ ಕಾಣುತ್ತೆ. 2024ರ ಮಾರ್ಚ್ 4ರಿಂದ ಅಲ್ಲಿ ಕಾನೂನು ಬಿಗಿ ಆಗಿದೆ: ರಿಜಿಸ್ಟರ್ಡ್ ಅಡ್ರೆಸ್ ಅಂದ್ರೆ ಅಲ್ಲಿಗೆ ಹೋದ ಪತ್ರ ಕಂಪನಿಯವರ ಕೈ ಸೇರಬೇಕು, ಬರೀ ಪೋಸ್ಟ್ ಬಾಕ್ಸ್ ನಡೆಯಲ್ಲ. ಸರಿ ಇಲ್ಲ ಅಂತ ಕಂಡ್ರೆ ಕಂಪನೀಸ್ ಹೌಸ್‌ನವರೇ ನಿಮ್ಮ ಅಡ್ರೆಸ್ ಕಿತ್ತು, ಕಾರ್ಡಿಫ್ ಊರಲ್ಲಿರೋ ಅವರದೇ ಡಿಫಾಲ್ಟ್ ಅಡ್ರೆಸ್ಸಿಗೆ ಹಾಕಿಬಿಡ್ತಾರೆ. ಅಲ್ಲಿಂದ 28 ದಿನದೊಳಗೆ ಸರಿಯಾದ ಅಡ್ರೆಸ್ಸು, ಅದಕ್ಕೆ ಪುರಾವೆ ಕೊಡಬೇಕು. ಕೊಡದಿದ್ರೆ ಕಂಪನಿಯನ್ನೇ ಪಟ್ಟಿಯಿಂದ ಹೊಡೆದು ಹಾಕೋಕೆ ಶುರು ಮಾಡಬಹುದು. ನಂದೂ ಕಾರ್ಡಿಫಿಗೆ ಹೋಯ್ತು. ಇದನ್ನ ನನಗೆ ಹೇಳಿದ್ದು ಯಾರು? ಬೈಯರ್. ಸ್ಕ್ರೀನ್‌ಶಾಟ್ ಕಳಿಸಿ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಅಷ್ಟೇ. ಆರ್ಡರ್ ಮಾತು ಮತ್ತೆ ಎತ್ತಲಿಲ್ಲ.

ಇದಕ್ಕೆ ನಮ್ಮ ಹುಡುಗನ ಉತ್ತರ ಕೇಳಿ:

"ಕಾರ್ಡಿಫೂ ಯುಕೆನೇ ಅಲ್ವಾ ಸಾರ್?"

ಈ ಮೆಸೇಜನ್ನ ನಾನು ಎಷ್ಟು ಸಲ ಓದಿದ್ದೀನಿ ಅಂತ ನನಗೇ ಗೊತ್ತಿಲ್ಲ. ಕಾರ್ಡಿಫೂ ಯುಕೆನೇ ಅಲ್ವಾ. ಲಂಡನ್ ಅಂತ ಎಂಬಾಸ್ ಆದ ಪ್ಯಾಚು ಗೋಣಿಚೀಲದ ತುಂಬ ಬಿದ್ದಿದೆ ಇಲ್ಲಿ.

ಅಡ್ರೆಸ್ ನಾನೇ ಆನ್‌ಲೈನಲ್ಲಿ ಬದಲಾಯಿಸ್ತೀನಿ ಅಂದ್ರೂ ಆಗಲ್ಲ. ಅಲ್ಲಿ ಏನೇ ಮಾಡೋಕೂ ಕಂಪನಿಯ ಅಥೆಂಟಿಕೇಷನ್ ಕೋಡ್, ಅಂದ್ರೆ ಪಾಸ್‌ವರ್ಡ್ ಥರದ ಗುಟ್ಟಿನ ಕೋಡ್ ಬೇಕು. ಆ ಕೋಡ್ ಕಾಗದದ ಪತ್ರದಲ್ಲಿ ರಿಜಿಸ್ಟರ್ಡ್ ಅಡ್ರೆಸ್ಸಿಗೆ ಹೋಗುತ್ತೆ. ಅಡ್ರೆಸ್ ಯಾರದು? ಇವರು ಕಂಪನಿ ಮಾಡುವಾಗ ಸಿಕ್ಕ ಕೋಡ್ ಇವರ ಹತ್ರವೇ ಇದೆ, ಅದನ್ನ ಕೊಡೋಕೆ 7,000 ಕೇಳಿದ್ರು. ನನ್ನ ಕಂಪನಿಯ ಬೀಗದ ಕೈ ನನಗೆ ಕೊಡೋಕೆ ದುಡ್ಡು. ನವೆಂಬರಿನಲ್ಲಿ ಇನ್ನೊಂದು ತೆಗೆದ್ರು: 2025ರ ನವೆಂಬರ್ 18ರಿಂದ ಡೈರೆಕ್ಟರ್‌ಗಳ ಗುರುತು ಪರಿಶೀಲನೆ ಕಡ್ಡಾಯ, ಅದಕ್ಕೆ ಬೇರೆ ಚಾರ್ಜು ಅಂತ. ನಿಯಮ ನಿಜ. ಆದ್ರೆ ಸರ್ಕಾರದ ಆ್ಯಪಲ್ಲಿ ಮಾಡಿಕೊಂಡ್ರೆ ಅದಕ್ಕೆ ಫೀಸೇ ಇಲ್ಲ. ಚಿಪ್ ಇಲ್ಲದ ಹಳೇ ಪಾಸ್‌ಪೋರ್ಟ್ ಇದ್ದೋರಿಗೆ ಆ ಆ್ಯಪ್ ಆಗಲ್ಲ, ಕಂಪನೀಸ್ ಹೌಸ್ ಮಾನ್ಯತೆ ಇರೋ ಏಜೆಂಟ್ ಮೂಲಕ ಹೋಗಬೇಕು. ಇವರಿಗೆ ಆ ಮಾನ್ಯತೆ ಇದೆಯಾ ಅಂತ ಕೇಳಿದೆ. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.

ನಮ್ಮ ಆಡಿಟರ್ ಹತ್ರ ಹೋದೆ. ಅವರು ಬೈದದ್ದು ಬೇರೆಯದಕ್ಕೆ. ವಿದೇಶಿ ಕಂಪನಿಯ ಶೇರು ಒಂದು ಪೌಂಡಿನದ್ದಾದ್ರೂ ಶೇರೇ ಅಂತೆ. 2022ರ ಆಗಸ್ಟಿನಿಂದ ಜಾರಿ ಇರೋ ವಿದೇಶಿ ಹೂಡಿಕೆ ನಿಯಮದ ಪ್ರಕಾರ ದುಡ್ಡು ಬ್ಯಾಂಕ್ ಮೂಲಕವೇ ಹೋಗಬೇಕು, ಅದಕ್ಕೆಂದೇ ಇರೋ ಫಾರಂ ಎಫ್‌ಸಿ ತುಂಬಬೇಕು, ಆ ಹೂಡಿಕೆಗೆ ರಿಸರ್ವ್ ಬ್ಯಾಂಕ್ ಕೊಡೋ ಗುರುತಿನ ನಂಬರ್ (ಯುಐಎನ್) ಮೊದಲೇ ಬರಬೇಕು. ಇವರು "ಶೇರ್ ದುಡ್ಡು ನಾವೇ ಕಟ್ಟಿಬಿಡ್ತೀವಿ, ಇಂಡಿಯಾದಾಗ ಏನೂ ಬೇಕಾಗಿಲ್ಲ" ಅಂದಿದ್ರು. ಇಷ್ಟು ವರ್ಷ ಐಟಿಆರ್-4 ಅನ್ನೋ ಸುಲಭದ ಫಾರಂನಲ್ಲಿ ಸಲೀಸಾಗಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕ್ತಿದ್ದೆ, ಇನ್ನು ಅದೂ ಆಗಲ್ಲ, ಐಟಿಆರ್-3 ಹಾಕಿ ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಬೇಕು. ಇನ್ನೊಂದು ಸುಳ್ಳು, "ಬಿಸಿನೆಸ್ ಆಗೋತನಕ ಅಲ್ಲಿ ಏನೂ ಫೈಲ್ ಮಾಡೋದಿರಲ್ಲ" ಅನ್ನೋದು. ಒಂದು ಪೈಸೆ ವ್ಯಾಪಾರ ಆಗದಿದ್ರೂ ಕಂಪನಿ ವಿವರ ಎಲ್ಲಾ ಸರಿ ಇದೆ ಅಂತ ವರ್ಷಕ್ಕೊಂದು ಕನ್ಫರ್ಮೇಷನ್ ಸ್ಟೇಟ್‌ಮೆಂಟು, ವ್ಯಾಪಾರ ಇಲ್ಲದ ಕಂಪನಿಯ ಡಾರ್ಮೆಂಟ್ ಅಕೌಂಟ್ಸು ಹಾಕಲೇಬೇಕು. ಅಕೌಂಟ್ಸ್ ಒಂದು ದಿನ ತಡ ಆದ್ರೂ ದಂಡ 150 ಪೌಂಡಿನಿಂದ ಶುರು, ಆರು ತಿಂಗಳು ದಾಟಿದ್ರೆ 1,500.

ಕೊನೆಗೆ ಆಡಿಟರ್ ಕೇಳಿದ ಮಾತು ಕೇಳಿ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸ್ತು: "ಇಲ್ಲಿಂದ ಎಕ್ಸ್‌ಪೋರ್ಟ್ ಮಾಡೋಕೆ ಲಂಡನ್ ಕಂಪನಿ ಯಾಕೆ ಬೇಕಿತ್ತು ನಿಮಗೆ?" ಬೇಕಿರಲಿಲ್ಲ. ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿ ಕೊಡೋ ಎಕ್ಸ್‌ಪೋರ್ಟ್ ನಂಬರ್ ಐಇಸಿ, ಅದಕ್ಕೆ ಫೀಸು 500 ರೂಪಾಯಿ, ಫಾರಿನ್ ದುಡ್ಡು ಬರೋ ಬ್ಯಾಂಕಿನ ಎಡಿ ಕೋಡ್, ತೆರಿಗೆ ಕಟ್ಟದೇ ಎಕ್ಸ್‌ಪೋರ್ಟ್ ಮಾಡೋಕೆ ಜಿಎಸ್‌ಟಿಗೆ ಕೊಡೋ ಮುಚ್ಚಳಿಕೆ ಎಲ್‌ಯುಟಿ, ಇಷ್ಟೇ. ಇದರ ಮೇಲೇ ತಿರುಪ್ಪೂರಿನವರು ದೇಶ ದೇಶಕ್ಕೆ ಬಟ್ಟೆ ಕಳಿಸ್ತಿದ್ದಾರೆ. ಒಪ್ಪಂದದ ಸುಂಕ ರಿಯಾಯಿತಿ ಸಿಗೋದೂ ಮಾಲು ಭಾರತದಲ್ಲಿ ತಯಾರಾಗಿದೆ ಅನ್ನೋ ದಾಖಲೆ ಮೇಲೆ. ಲಂಡನ್ನಿನಲ್ಲಿ ಚಿಕನ್ ಅಂಗಡಿ ಅಡ್ರೆಸ್ ಇದೆ ಅಂತ ಯಾರೂ ಸುಂಕ ಬಿಡಲ್ಲ.

ಅಷ್ಟರ ಮೇಲೂ ಅಲ್ಲಿ ಕಂಪನಿ ಬೇಕೇ ಬೇಕು ಅನ್ನೋದಾದ್ರೆ, ನಿಮಗೆ ಅಡ್ರೆಸ್ ಕೊಡೋರು ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಮೇಲ್ವಿಚಾರಣೆ ಪಟ್ಟಿಯಲ್ಲಿ ಇದ್ದಾರಾ ನೋಡಿ, ಆ ಪಟ್ಟಿ ಎಲ್ಲರೂ ನೋಡಬಹುದು. ಅಡ್ರೆಸ್ ಕರಾರು ನಿಮ್ಮ ಕಂಪನಿ ಹೆಸರಲ್ಲಿ ಬರಹದಲ್ಲಿ ಇಸ್ಕೊಳ್ಳಿ. ಫೋನ್ ನಂಬರಿನ ಅಕೌಂಟು, ಪಾಸ್‌ವರ್ಡು, ವಾಟ್ಸಾಪ್ ಪಿನ್, ಅಥೆಂಟಿಕೇಷನ್ ಕೋಡ್, ಇವೆಲ್ಲ ನಿಮ್ಮ ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ. ನಮ್ಮೂರ ಮಾತಾಡಿದ, ಅಣ್ಣ ಅಂದ ಅಂತ ಕರಗಬೇಡಿ. ದುಡ್ಡು ಆಗಲೇ ಹಾಕಿದ್ರೆ ತಡ ಮಾಡದೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ತಡವಾಗಿ ಮಾಡಿದೆ. ಅಷ್ಟೊತ್ತಿಗೆ ದುಡ್ಡು ಯಾವ್ಯಾವ ಖಾತೆಗೋ ಹೋಗಿತ್ತು. ಠಾಣೆಯಲ್ಲಿ, ಕಂಪನಿ ನಿಜವಾಗಿ ಆಗಿದೆಯಲ್ಲ, ಸರ್ಟಿಫಿಕೇಟ್ ಇದೆಯಲ್ಲ, ಮತ್ತೆ ಮೋಸ ಎಲ್ಲಿ ಅಂತ ಕೇಳ್ತಾರೆ. ಅದನ್ನ ಬಿಡಿಸಿ ಹೇಳೋ ಹೊತ್ತಿಗೆ ಸಾಕು ಸಾಕಾಯ್ತು. ದೂರು ಕೊಟ್ಟಿದ್ದೀನಿ, ನೋಡೋಣ.

ಮೊನ್ನೆ ಒಂದು ಹೊಸ ನಂಬರಿಂದ ಮೆಸೇಜ್ ಬಂತು. "ದುಬೈ ಕಂಪನಿ, ದುಬೈ ಅಡ್ರೆಸ್, ದುಬೈ ನಂಬರ್, ಹಬ್ಬದ ಆಫರ್." ಕೆಳಗೆ ಒಂದು ವಾಯ್ಸ್ ನೋಟ್. ಹಾಕಿ ಕೇಳಿದೆ, ಅದೇ ಹುಡುಗ. "ಅಣ್ಣ, ನಾನೂ ನಿಮ್ಮ ಕಡೆಯವನೇ..." ಯಾರಿಗೆ ಕಳಿಸ್ತಿದ್ದೀನಿ ಅನ್ನೋದೂ ಅವನಿಗೆ ಗೊತ್ತಿಲ್ಲ. ನಿಮಗೂ ಬಂದಿರುತ್ತೆ. ಬಂದಿದ್ರೆ ದುಡ್ಡು ಹಾಕೋ ಮುಂಚೆ ನನಗೊಂದು ಫೋನ್ ಮಾಡಿ, ಅವನ ಎಲ್ಲಾ ಮೆಸೇಜೂ ತೋರಿಸ್ತೀನಿ. ಬಳ್ಳಾರಿ ನಂಬರಿಗೇ ಮಾಡಿ, ಅದನ್ನ ನಾನೇ ಎತ್ತೋದು.