ಕ್ಯೂಎಂ6 ಎಲ್‌ಪಿಇ: ಲಾಂಛನ ಬದಲಾಯಿತು, ಗಾಡಿ ಅದೇ

ದಕ್ಷಿಣ ಕೊರಿಯಾದ ಸುವಾನ್ ಕಡೆಯ ನಮ್ಮ ಕನ್ನಡದವರಲ್ಲಿ ಯಾರೇ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹುಡುಕಲಿ, ನನ್ನನ್ನು ಕೇಳುವುದು ಇದನ್ನೇ: "ಸ್ಯಾಮ್‌ಸಂಗ್ ಹೆಸರು ಹೋಯ್ತಲ್ಲ, ಆ ಗಾಡಿ ಈಗ ತಗೋಬಹುದಾ?" ಅವರು ಕೇಳುವ ಗಾಡಿ ರೆನೋ ಸ್ಯಾಮ್‌ಸಂಗ್ ಕಂಪನಿಯ ಕ್ಯೂಎಂ6. 2020ರಲ್ಲಿ ಕೊಂಡ, ಎಲ್‌ಪಿಜಿ ಗ್ಯಾಸಿನಲ್ಲಿ ಓಡುವ ಕ್ಯೂಎಂ6 ಎಲ್‌ಪಿಇ ಇವತ್ತಿಗೂ ನಮ್ಮ ಮನೆಯ ಒಂದೇ ಕಾರು. ನಾಲ್ಕು ಜನರ ಸಂಸಾರವಾದರೆ ಧಾರಾಳವಾಗಿ ತಗೊಳ್ಳಿ ಅಂತಲೇ ಹೇಳುತ್ತೇನೆ.

ಹೆಸರಿನ ಗೊಂದಲ ಮೊದಲು ಮುಗಿಸಿಬಿಡೋಣ. ಹೊರದೇಶಗಳಲ್ಲಿ ರೆನೋ ಕೊಲಿಯೋಸ್ ಅಂತ ಮಾರಾಟವಾದ ಗಾಡಿಯೇ ಇದು. ಕೊರಿಯಾದಲ್ಲಿ 2016ರ ಸೆಪ್ಟೆಂಬರಿನಲ್ಲಿ ಸ್ಯಾಮ್‌ಸಂಗ್ ಲಾಂಛನ ತೊಟ್ಟು ಬಂತು. 2022ರಲ್ಲಿ ಕಂಪನಿಯ ಹೆಸರಿನಿಂದ ಸ್ಯಾಮ್‌ಸಂಗ್ ಬಿಟ್ಟುಹೋಯಿತು. 2024ರ ಏಪ್ರಿಲ್‌ನಲ್ಲಿ ಹೊಸ ಗಾಡಿಗಳ ಮೂತಿಗೆ ರೆನೋದ ವಜ್ರಾಕಾರದ ಗುರುತು ಬಂತು. ಇದೇ ಕಂಪನಿಯ ಇನ್ನೊಂದು ಗಾಡಿ ಎಕ್ಸ್‌ಎಂ3ರ ಹೆಸರು ಅರ್ಕಾನಾ ಆಯಿತು, ಕ್ಯೂಎಂ6 ಮಾತ್ರ ಹಳೆ ಹೆಸರನ್ನೇ ಉಳಿಸಿಕೊಂಡಿತು. ಇಷ್ಟೆಲ್ಲ ಆದರೂ ಗಾಡಿ ತಯಾರಾಗಿದ್ದು ಅದೇ ಬುಸಾನ್ ಕಾರ್ಖಾನೆಯಲ್ಲಿ. 2011ರಲ್ಲಿ ಭಾರತಕ್ಕೆ ಆಮದಾದ ಹಿಂದಿನ ತಲೆಮಾರಿನ ಕೊಲಿಯೋಸ್ ಕೂಡ ಅಲ್ಲಿಂದಲೇ ಬಂದದ್ದು. ಆಗ ಬೆಂಗಳೂರಿನ ಶೋರೂಮಿನಲ್ಲಿ ಅದನ್ನು ನೋಡಿದವರಿಗೆ ಈ ಗಾಡಿಯ ಮೈಕಟ್ಟು ತೀರಾ ಹೊಸದೇನಲ್ಲ.

ನಾನು ಪೆಟ್ರೋಲ್ ಬಿಟ್ಟು ಎಲ್‌ಪಿಜಿ ಆರಿಸಿಕೊಂಡಿದ್ದಕ್ಕೆ ಕಾರಣ ಗ್ಯಾಸಿದ್ದರೂ ಕಿರಿದಾಗದ ಡಿಕ್ಕಿ, ಅಂದರೆ ಹಿಂದೆ ಸಾಮಾನು ಇಡುವ ಜಾಗ. ಟ್ಯಾಕ್ಸಿ, ಬಾಡಿಗೆ ಕಾರು, ಅಂಗವಿಕಲರು ಹೀಗೆ ಕೆಲವರಿಗಷ್ಟೇ ಇದ್ದ ಎಲ್‌ಪಿಜಿ ಕಾರಿನ ಅವಕಾಶ ಕೊರಿಯಾದಲ್ಲಿ ಎಲ್ಲರಿಗೂ ಪೂರ್ತಿಯಾಗಿ ಸಿಕ್ಕಿದ್ದು 2019ರ ಮಾರ್ಚ್‌ನಲ್ಲಿ. ಜೂನ್‌ನಲ್ಲಿ ಈ ಎಲ್‌ಪಿಇ ಬಂತು. ಇಲ್ಲಿನ ಹಳೆಯ ಟ್ಯಾಕ್ಸಿಗಳ ಡಿಕ್ಕಿ ತೆಗೆದರೆ ಉದ್ದನೆಯ ಸಿಲಿಂಡರು ಅರ್ಧ ಜಾಗ ನುಂಗಿ ಕೂತಿರುತ್ತದೆ. ಇದರಲ್ಲಿ ಹಾಗಿಲ್ಲ. ಉದ್ದಿನ ವಡೆಯ ಆಕಾರದ ಟ್ಯಾಂಕು ಸ್ಟೆಪ್ನಿ ಇರಬೇಕಾದ ಗುಳಿಯಲ್ಲಿ ಅಡಗಿದೆ. ಮೇಲಿನ ಹಲಗೆ ಮುಚ್ಚಿದರೆ ಅದು ಗ್ಯಾಸಿನ ಗಾಡಿ ಅಂತ ಗೊತ್ತೇ ಆಗುವುದಿಲ್ಲ. ಅಪ್ಪ ಅಮ್ಮ ಊರಿಂದ ಬಂದಾಗ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ಅವರ ದೊಡ್ಡ ಸೂಟ್‌ಕೇಸುಗಳು, ಹಪ್ಪಳ ಸಂಡಿಗೆಯ ರಟ್ಟಿನ ಡಬ್ಬಿ, ಮಗಳ ಸ್ಟ್ರಾಲರು ಎಲ್ಲಾ ಒಂದೇ ಸಲಕ್ಕೆ ಹಿಡಿದವು. "ಗ್ಯಾಸಾ? ಹಿಂದ್ಗಡೆ ಸಿಲಿಂಡರ್ ಇಟ್ಕೊಂಡು ಮಕ್ಕಳನ್ನ ಕೂರಿಸ್ತೀಯೇನೋ?" ಅಂತ ಗಾಬರಿಯಾದ ಅಮ್ಮನಿಗೆ ಹಲಗೆ ಎತ್ತಿ ತೋರಿಸಿದೆ. ಟ್ಯಾಂಕನ್ನು ಬಿಗಿದಿರುವ ದಪ್ಪ ಬ್ರಾಕೆಟ್ಟನ್ನು ಬೆರಳಲ್ಲಿ ತಟ್ಟಿ ನೋಡಿ ಆಮೇಲೆ ಹತ್ತಿದರು. ಸ್ಟೆಪ್ನಿ ಬದಲಿಗೆ ಪಂಕ್ಚರ್ ಕಿಟ್ ಬರುತ್ತದೆ, ಅದು ನೆನಪಿರಲಿ.

ಟ್ಯಾಂಕು 75 ಲೀಟರಿನದು. ಸುರಕ್ಷತೆಗಾಗಿ ಶೇ. 80ರಷ್ಟೇ ತುಂಬುತ್ತಾರೆ, ಅಂದರೆ 60 ಲೀಟರ್. ಕಂಪನಿ ಹೇಳುವ ಮೈಲೇಜು ಲೀಟರಿಗೆ 8.9 ಕಿ.ಮೀ. ಹೆದ್ದಾರಿಯಲ್ಲಿ ನಿಧಾನ ಹೋದರೆ ಅದಕ್ಕಿಂತ ಚೆನ್ನಾಗಿಯೇ ಬರುತ್ತದೆ, ಊರೊಳಗೆ ಕಡಿಮೆ. ಅಂಕಿ ನೋಡಿದರೆ ಕಳಪೆ ಅನ್ನಿಸಬಹುದು. ಆದರೆ ಗ್ಯಾಸು ಲೀಟರಿಗೆ ಸುಮಾರು ಸಾವಿರ ವಾನ್ ಇದ್ದಾಗ ಪೆಟ್ರೋಲು ಸಾವಿರದ ಆರುನೂರು ದಾಟಿತ್ತು. ತಿಂಗಳ ಕೊನೆಯಲ್ಲಿ ಲೆಕ್ಕ ಹಾಕುವ ನನ್ನ ಹೆಂಡತಿ ಈ ಗಾಡಿಯ ಪಕ್ಷ ಬಿಟ್ಟುಕೊಡುವುದೇ ಇಲ್ಲ. ತೊಂದರೆ ಏನೆಂದರೆ ಗ್ಯಾಸ್ ಬಂಕುಗಳು ಪೆಟ್ರೋಲ್ ಬಂಕುಗಳಷ್ಟು ಇಲ್ಲ. ಗುಡ್ಡಗಾಡಿನ ಕಡೆ ಹೊರಟರೆ ಮುಳ್ಳು ಅರ್ಧಕ್ಕೆ ಇಳಿಯುವ ಮೊದಲೇ ನಾನು ಮ್ಯಾಪಿನಲ್ಲಿ ಬಂಕು ನೋಡಿಟ್ಟುಕೊಳ್ಳುತ್ತೇನೆ.

ಚಳಿಗಾಲದ ಬಗ್ಗೆ ಹೆದರಿಕೆ ಬೇಡ. ಎಂಜಿನ್ನಿಗೆ ಗ್ಯಾಸು ದ್ರವರೂಪದಲ್ಲೇ ಹೋಗುತ್ತದೆ, ಚಳಿಗಾಲದಲ್ಲಿ ಬ್ಯುಟೇನಿಗೆ ಪ್ರೊಪೇನ್ ಹೆಚ್ಚು ಬೆರೆಸಿಯೇ ಮಾರುತ್ತಾರೆ. ಬಟನ್ ಒತ್ತಿದ ಮೇಲೆ ಒಂದೆರಡು ಕ್ಷಣ ತಡವಾಗಿ ಸ್ಟಾರ್ಟ್ ಆಗುತ್ತದೆ, ಅಷ್ಟೇ.

ಓಟದಲ್ಲಿ ಇದು ಸಾಧು ಗಾಡಿ. 140 ಅಶ್ವಶಕ್ತಿ, ತಾನಾಗಿಯೇ ಬದಲಾಗುವ ಸಿವಿಟಿ ಗೇರು, ಮುಂದಿನ ಚಕ್ರಗಳಿಗೆ ಮಾತ್ರ ಎಳೆತ. ಗಾಂಗ್‌ನಂಗ್ ಕಡಲ ತೀರದಿಂದ ವಾಪಸ್ ಬರುವಾಗ ಡೇಗ್ವಾಲ್ಯಾಂಗ್ ಏರಿನಲ್ಲಿ ಎಂಜಿನ್ನು ಒಂದೇ ಸಮನೆ ಗುಂಯ್‌ಗುಡುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರುತ್ತದೆಯೇ ಹೊರತು ವೇಗ ಏರುವುದು ನಿಧಾನ. ಬಲಗಡೆ ಲೇನಿನಲ್ಲಿ ಲಾರಿಗಳ ಜೊತೆ ಸಮಾಧಾನವಾಗಿ ಹತ್ತುವುದೇ ಸರಿ. ಓವರ್‌ಟೇಕಿನ ಚಪಲ ಇರುವವರಿಗೆ ಇದು ಹೇಳಿಸಿದ್ದಲ್ಲ. ಸಪಾಟು ರಸ್ತೆಯಲ್ಲಿ ಮಾತ್ರ ಎಷ್ಟು ನಿಶ್ಶಬ್ದ ಅಂದರೆ ಮಕ್ಕಳು ಯಂಗ್‌ಡಾಂಗ್ ಎಕ್ಸ್‌ಪ್ರೆಸ್‌ವೇ ಸೇರುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ.

ಒಳಗಡೆ ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಬೇಕಾದಷ್ಟು ಜಾಗ. ನನಗೆ ಹಿಡಿಸದ್ದು ಡ್ಯಾಶ್‌ಬೋರ್ಡಿನ ನಿಲುವಾದ ಟಚ್ ಪರದೆ. ಸೀಟು ಬಿಸಿ ಮಾಡಲೂ ಅದರ ಮೆನು ತೆರೆಯಬೇಕು. ಕೈಗವಸು ಹಾಕಿಕೊಂಡಿರುವಾಗ, ಅದೂ ಡ್ರೈವ್ ಮಾಡುತ್ತಾ, ಇದು ಕಿರಿಕಿರಿಯ ಕೆಲಸ. ಗುಂಡಿಗಳೇ ಇರಬೇಕಿತ್ತು.

2024ರಲ್ಲಿ ಬಂದ ಗ್ರ್ಯಾಂಡ್ ಕೊಲಿಯೋಸ್ ಕೂಡ ಹೆಸರು ಬದಲಿಸಿ ಬಂದದ್ದೇ: ಚೀನಾದ ಜೀಲಿ ಕಂಪನಿಯ ಗಾಡಿಯನ್ನು ಆಧರಿಸಿ ಅದೇ ಬುಸಾನಿನಲ್ಲಿ ತಯಾರಿಸುತ್ತಾರೆ. ಹೈಬ್ರಿಡ್ ಕೂಡ ಸಿಗುತ್ತದೆ, ಉದ್ದ ಜಾಸ್ತಿ, ಡ್ಯಾಶ್‌ಬೋರ್ಡ್ ತುಂಬಾ ಪರದೆಗಳು. ಹಣ ಇದ್ದವರು ನೋಡಬಹುದು. ಕಡಿಮೆ ದುಡ್ಡಿನಲ್ಲಿ ದೊಡ್ಡ ಡಿಕ್ಕಿ, ಅಗ್ಗದ ಇಂಧನ ಬೇಕಾದವರು ಹಳೆ ಲಾಂಛನದ ಕ್ಯೂಎಂ6 ಎಲ್‌ಪಿಇಯನ್ನೇ ಹುಡುಕಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಒಂದು ಏರು ಹತ್ತಿಸಿ ನೋಡಿ. ಅಪ್ಪ ಅಮ್ಮ ಜೊತೆಯಲ್ಲೇ ಇದ್ದು ಆರು ಜನ ಓಡಾಡುವ ಮನೆಯಾದರೆ ಬೇಡ, ಇದಕ್ಕೆ ಮೂರನೇ ಸಾಲು ಇಲ್ಲ.